ಮೆಂತ್ಯ ಸಸಿ ಎರಡು ಸಲ ಮಲಗಿತು, ಬೆಳೆದವರು ಹೇಳಿ

ಕುಂಡದಲ್ಲಿ ಮೆಂತ್ಯ ಹಾಕಿದ್ದೆ. ಮೂರನೇ ದಿನ ಮೊಳೆಯಿತು. ಎರಡು ಇಂಚು ಆಗುವಷ್ಟರಲ್ಲಿ ಬುಡ ಕಪ್ಪಾಗಿ ಎಲ್ಲ ಮಲಗಿದವು. ಇದು ಎರಡನೇ ಸಲ. ಮಧ್ಯಾಹ್ನದವರೆಗೆ ಬಿಸಿಲಿದೆ. ಬೀಜ ನೆನೆಸಿ ಹಾಕಬೇಕಾ, ಬೇಡವಾ?

ಹಸಿರು ತಾರಸಿ: ನಾನು ಸೊಪ್ಪಿಗಲ್ಲ, ಕಾಳಿಗೇ ಬೆಳೆದವಳು. 200 ಕಾಳು ಎಣಿಸಿ ಹಾಕಿದ್ದೆ. 160 ಮೊಳೆತವು. 37 ಬುಡ ಕೊಳೆತು ಹೋದವು. ಉಳಿದ 123ಕ್ಕೆ ಜಾಗ ಸಾಲದು ಅಂತ ಕಿತ್ತು ಬೇರೆ ಕುಂಡಕ್ಕೆ ನೆಟ್ಟೆ. ಅಲ್ಲೇ ಕೆಟ್ಟಿದ್ದು. ಮೆಂತೆಗೆ ಬೇರು ಅಲುಗಿದರೆ ಆಗುವುದಿಲ್ಲ. ವಾರದಲ್ಲಿ 58 ಬಾಡಿದವು. ಆಮೇಲೆ ಗಿಡಹೇನು, ಆಮೇಲೆ ಎಲೆ ಮೇಲೆ ಬಿಳಿ ಬೂದಿ ರೋಗ. ಕೊನೆಗೆ ಉಳಿದದ್ದು 22 ಗಿಡ. 126ನೇ ದಿನ ಕಾಯಿ ಒಣಗಿತು. ಕತ್ತಿಯ ಹಾಗೆ ಬಾಗಿದ ಕಾಯಿ, ಬಿಡಿಸಿದರೆ ಒಟ್ಟು ಮೂರು ಚಮಚ ಕಾಳು. ಆದರೂ ಹುರಿದಾಗ ಬಂದ ಆ ಘಮ!

ಒಣಮಣ್ಣು: ನಾಲ್ಕು ತಿಂಗಳಿಗೆ ಮೂರು ಚಮಚ! ಸೊಪ್ಪಿಗೆ ಬೆಳೆದಿದ್ದರೆ 30 ದಿನಕ್ಕೆ ಕೊಯ್ದು, ನಾಲ್ಕು ಸಲ ಬಿತ್ತಬಹುದಿತ್ತು. ನಾನು ಮೊದಲ ಮೂರು ಸಲ ರಾತ್ರಿಯಿಡೀ ನೆನೆಸಿ ಹಾಕಿದೆ. ಕಾಳು ಲೋಳೆ ಬಿಟ್ಟು ಒಂದಕ್ಕೊಂದು ಅಂಟಿತು, ಒತ್ತೊತ್ತಾಗಿ ಬಿತ್ತು, ಮೂರು ಸಲವೂ ಕೊಳೆತು ಹೋಯಿತು. ನಾಲ್ಕನೇ ಸಲ ಒಣ ಕಾಳನ್ನೇ ಉದುರಿಸಿದೆ. ಮೇಲ್ಮಣ್ಣು ಒಣಗುವ ತನಕ ನೀರು ಮುಟ್ಟಲಿಲ್ಲ. ಒಂದೂ ಮಲಗಲಿಲ್ಲ.

ಗೊಬ್ಬರಗುಂಡಿ: ನೆನೆಸಿದ್ದರ ತಪ್ಪಲ್ಲ ಸ್ವಾಮಿ, ನೀರು ಸುರಿದದ್ದರ ತಪ್ಪು. ನಾನು ಪ್ರತಿ ಸಲ ನೆನೆಸುತ್ತೇನೆ. ನನ್ನನ್ನು ಕೆಡಿಸಿದ್ದು ಯೂರಿಯಾ, ಅಂದರೆ ಸಾರಜನಕದ ಗೊಬ್ಬರ. ಇದು ಬೇಳೆಕಾಳಿನ ಜಾತಿ, ಬೇರಿನ ಗಂಟಿನಲ್ಲಿ ಗಾಳಿಯ ಸಾರಜನಕ ತಾನೇ ಹಿಡಿಯುತ್ತದೆ. ಗೊತ್ತಿದ್ದೂ ಆಸೆಗೆ ಬಿದ್ದು ಹಾಕಿದೆ. ಎಲೆ ಸೊಂಪಾಯಿತು, ಹೇನು ಹಬ್ಬ ಮಾಡಿತು. ಆರು ವಾರ ಮಣ್ಣುಪಾಲು.

ಮೊಳಕೆ ಪ್ರಿಯ: ಸುಮ್ನೆ ಯಾಕೆ ಮಣ್ಣು? ಮೊಳಕೆ ಬರಿಸಿ ಹಸಿಯಾಗಿಯೇ ತಿನ್ನಿ.

ಗೊಬ್ಬರಗುಂಡಿ: 2011ರಲ್ಲಿ ಜರ್ಮನಿಯಲ್ಲಿ ಈ. ಕೋಲಿ ಎಂಬ ಬ್ಯಾಕ್ಟೀರಿಯಾ ಹರಡಿ 50ಕ್ಕೂ ಹೆಚ್ಚು ಜನ ಸತ್ತರು. ತನಿಖೆ ಹೋಗಿ ನಿಂತದ್ದು ಮೆಂತ್ಯ ಮೊಳಕೆಯ ಮೇಲೇ. ಬೇಯಿಸಿ ತಿನ್ನಿ.

ಮೊಳಕೆ ಪ್ರಿಯ: ಹೆದರಿಸಬೇಡಿ. ಯೂರಿಯಾ ಹಾಕಿದವರಿಂದ ಆರೋಗ್ಯ ಪಾಠ!

ಕಹಿಬಾಯಿ: ಘಮ ಅಂದಿರಲ್ಲ ಹಸಿರು ತಾರಸಿಯವರೇ, ಕೆಂಪಾಗುವ ತನಕ ಹುರಿದಿರೋ, ಹೊಂಬಣ್ಣಕ್ಕೇ ಇಳಿಸಿದಿರೋ? ನಾನೊಮ್ಮೆ ಫೋನ್ ಎತ್ತಲು ಹೋಗಿ ಒಂದೇ ನಿಮಿಷ ಬಿಟ್ಟೆ. ಇಡೀ ಪುಡಿ ವಿಷದಷ್ಟು ಕಹಿ. ಅಂದಿನಿಂದ ಕಸೂರಿ ಮೆಂತ್ಯದ ಒಣ ಎಲೆಯೇ ಗತಿ.

ಹಸಿರು ತಾರಸಿ: ಹೊಂಬಣ್ಣಕ್ಕೇ, ಸಣ್ಣ ಉರಿ. ಅಂದ ಹಾಗೆ ನಿಜವಾದ ಕಸೂರಿ ಬೇರೆಯೇ ಗಿಡ. ಹೂ ಹಳದಿ, ಕಾಯಿ ಚಿಕ್ಕದು. ಮಾಮೂಲಿ ಎಲೆ ಒಣಗಿಸಿದರೆ ಕಸೂರಿ ಆಗುವುದಿಲ್ಲ. ಮತ್ತೆ, ಅದು ಮೆಂತ್ಯ ಅಲ್ಲ, ಮೆಂತೆ.

ಒಣಮಣ್ಣು: ನಮ್ಮ ಬಾಯಲ್ಲಿ ಮೆಂತ್ಯವೇ. ನಿಮ್ಮ ಮೂರು ಚಮಚದ ಡಬ್ಬಿ ಮೇಲೆ ಏನು ಬೇಕಾದರೂ ಬರೆದುಕೊಳ್ಳಿ.