ವಿಷಯ: ‘ಹಸಿರು ನಾವೀನ್ಯತೆಯ ಚಾಲಕಗಳು’ – ಬೇರೆ ಪದ ಬೇಕು, ಇವತ್ತೇ

ಶಿರಸಿಯಿಂದ:
ಕಾಲೇಜಿನ ವಸ್ತುಪ್ರದರ್ಶನಕ್ಕೊಂದು ಫಲಕ. ಮುಂದುವರಿದ ದೇಶಗಳಲ್ಲಿ ಪರಿಸರಸ್ನೇಹಿ ತಂತ್ರಜ್ಞಾನ ಬೆಳೆಯಲು ಕಾರಣವೇನು ಎಂಬುದು ವಿಷಯ. ತಲೆಬರಹಕ್ಕೆ ಕೈಗೆ ಬಂದ ಅನುವಾದ ಮೇಲಿನದು. ಕೆಳಗೆ ಮೂರು ಸಾಲು: 1973ರ ತೈಲ ಬಿಕ್ಕಟ್ಟಿನ ನಂತರ ಡೆನ್ಮಾರ್ಕ್ ಗಾಳಿ ವಿದ್ಯುತ್ತಿನತ್ತ ತಿರುಗಿದ್ದು, 1991ರಲ್ಲಿ ಸ್ವೀಡನ್ ಇಂಗಾಲದ ತೆರಿಗೆ ಹಾಕಿದ್ದು, 2000ದಲ್ಲಿ ಜರ್ಮನಿ ಕಾನೂನು ತಂದು ಗಾಳಿ, ಬಿಸಿಲಿನ ವಿದ್ಯುತ್ತಿಗೆ 20 ವರ್ಷ ಖಾತ್ರಿ ದರ ಕೊಟ್ಟಿದ್ದು. ‘ಚಾಲಕ’ ಅಂದರೆ ಹುಡುಗರಿಗೆ ಬಸ್ ಡ್ರೈವರೇ ನೆನಪಾಗೋದು. ಫ್ಲೆಕ್ಸಿನವನು ಸಂಜೆ ಐದಕ್ಕೆ ಬಾಗಿಲು ಹಾಕ್ತಾನೆ.

ಕುಮಟಾದಿಂದ:
‘ನಾವೀನ್ಯತೆ’ ತಪ್ಪು. ‘ನಾವೀನ್ಯ’ವೇ ಭಾವನಾಮ. ಅದಕ್ಕೆ ಮತ್ತೆ ‘ತೆ’ ಅಂಟಿಸಿದರೆ ‘ಪ್ರಾವೀಣ್ಯತೆ’ಯ ಸಾಲಿಗೆ ಸೇರಿತು. ಎಷ್ಟು ಸಲ ಹೇಳುವುದು?

ಸಿದ್ದಾಪುರದಿಂದ:
‘ಹೊಸತನ’ ಇರುವಾಗ ಎರಡೂ ಬೇಡ. ‘ಹಸಿರು’ ನಮ್ಮ ಹಳಗನ್ನಡದ ‘ಪಸುರ್’. ಅದರ ಪಕ್ಕ ನಾವೀನ್ಯ ಕೂರಿಸಿದರೆ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆರೆಸಿದ ಸಲ್ಲದ ಜೋಡಿಪದ. ‘ಕಾನೂನು’ ಕೂಡ ಹೊರಗಿನ ಪದ, ಅದನ್ನು ತೆಗೆದು ‘ಕಟ್ಟಳೆ’ ಹಾಕಿ.

ಕುಮಟಾದಿಂದ:
ಸಮಾಸವಾದರೆ ತಾನೇ ಅರಿಸಮಾಸ? ಇಲ್ಲಿ ‘ಹಸಿರು’ ಬಿಡಿಯಾಗಿ ನಿಂತ ವಿಶೇಷಣ.

ಕಾರವಾರದಿಂದ:
ಕಾನೂನು ತೆಗೀಬೇಕಾ? ಹಾಗಾದ್ರೆ ನಮ್ಮ ಪಗಾರ, ಚಾವಿ, ಬಟಾಟೆ ಎಲ್ಲ ಪೋರ್ಚುಗೀಸರಿಗೆ ವಾಪಸ್ ಕೊಟ್ಟು ಬರೋಣ, ಗೋವಾ ಹತ್ತಿರವೇ ಇದೆ.

ಶಿರಸಿಯ ಭಟ್ರೇ, ‘ಹೊಸತನ’ ಒಂದು ಗುಣ. ನಿಮಗೆ ಬೇಕಿರೋದು ಹೊಸದನ್ನು ಕಂಡುಹಿಡಿದು ಬಳಕೆಗೆ ತರುವ ಕೆಲಸದ ಹೆಸರು. ‘ಶೋಧ’ ಸಾಕು. ಚಾಲಕದ ಗೋಳು ಬೇರೆ: ನಿಮ್ಮ ಮೂರು ಸಾಲು ಒಂದೇ ಜಾತಿಯವಲ್ಲ. ಎಣ್ಣೆ ದರ, ತೆರಿಗೆ ಇವು ಹಳೇ ದಾರಿಯಿಂದ ಆಚೆ ನೂಕಿದವು. ಸ್ವೀಡನ್ನಿನಲ್ಲಿ ಊರಿಗೆಲ್ಲ ಬಿಸಿನೀರು ಹಾಯಿಸಿ ಮನೆ ಬೆಚ್ಚಗಿಡುವ ಬಾಯ್ಲರುಗಳು ಕಲ್ಲಿದ್ದಲು, ಎಣ್ಣೆ ಬಿಟ್ಟು ಮರದ ಚೂರಿಗೆ ತಿರುಗಿದ್ದು ಹಾಗೆ. ಜರ್ಮನಿಯ ಖಾತ್ರಿ ದರ ಮಾತ್ರ ಬಂಡವಾಳ ಹಾಕುವವರನ್ನು ಸೆಳೆಯಿತು. ಸಂಶೋಧನೆಗೆ ಸರ್ಕಾರಗಳು ಸುರಿದ ದುಡ್ಡು ಫಲಕದಲ್ಲೇ ಇಲ್ಲವಲ್ಲ! ನಿಮ್ಮ ಘಟ್ಟದ ಮೇಲೆ ಅಡಿಕೆ ಸುಲಿಯೋ ಮಷಿನ್ ಬಂದದ್ದು ಆಳು ಸಿಗದೆ, ಕೂಲಿ ಏರಿ. ಅದನ್ನ ಯಾರಾದ್ರೂ ಚಾಲಕ ಅಂದ್ರಾ? ‘ಹಸಿರು ಶೋಧಕ್ಕೆ ನೂಕಿದ್ದೇನು, ಸೆಳೆದದ್ದೇನು?’ ಅಂತ ಬರೆಸಿ.

ಕುಮಟಾದಿಂದ:
‘ಪ್ರೇರಕ’ ಎಂಬ ಪದವಿದೆ. ತಲೆಬರಹಕ್ಕೆ ಪ್ರಶ್ನೆಚಿಹ್ನೆ ಹಾಕುವುದು ಪತ್ರಿಕೆಯವರ ಚಾಳಿ.

ಶಿರಸಿಯಿಂದ:
ಕಾರವಾರದವರ ಸಾಲನ್ನೇ ಫ್ಲೆಕ್ಸಿಗೆ ಕಳಿಸಿದೆ. ಸಂಶೋಧನೆಯ ದುಡ್ಡಿಗೂ ಒಂದು ಸಾಲು ಸೇರಿಸಿದ್ದೇನೆ. ‘ಕಾನೂನು’ ಹಾಗೇ ಇದೆ.

ಸಿದ್ದಾಪುರದಿಂದ:
ಹೀಗೇ ಭಾಷೆ ಹಾಳಾಗಿದ್ದು. ಬಟಾಟೆಗೆ ಆಲೂಗಡ್ಡೆ ಇದೆಯಲ್ಲ.

ಕಾರವಾರದಿಂದ:
‘ಆಲೂ’ ಯಾವ ಹಳಗನ್ನಡ, ಹೆಗಡೇರೇ?