ಎಸ್ಸೆಸ್ಸೆಲ್ಸಿ ಆಯ್ತು, ಡಿಪ್ಲೊಮಾನಾ ಪಿಯುಸಿನಾ?

ಪ್ರಶ್ನೆ: ತಂಗಿ ಮಗನಿಗೆ ಎಸ್ಸೆಸ್ಸೆಲ್ಸಿಯಲ್ಲಿ 68% ಬಂದಿದೆ. ಎಲೆಕ್ಟ್ರಿಕಲ್ ಡಿಪ್ಲೊಮಾಗೆ ಮನಸ್ಸು. ಮನೆಯವರು ‘ಪಿಯುಸಿ ಮಾಡಿದ್ರೆ ಒಂದು ವರ್ಷ ಉಳಿಯುತ್ತೆ’ ಅಂತಾರೆ. ಮುಂದೆ ಬಿ.ಇ. ಆಗಲೇಬೇಕು. ತಿಳಿದವರು ಹೇಳಿ.

ಉತ್ತರ 1: ಉಳಿಯೋದು ಏನೂ ಇಲ್ಲ ಸಾರ್. ಪಿಯುಸಿ 2, ಬಿ.ಇ. 4, ಒಟ್ಟು 6. ಡಿಪ್ಲೊಮಾ 3, ಆಮೇಲೆ ಲ್ಯಾಟರಲ್ ಎಂಟ್ರಿಯಲ್ಲಿ ನೇರ ಬಿ.ಇ. ಎರಡನೇ ವರ್ಷ, ಅಲ್ಲಿ 3. ಅದೂ 6. ವ್ಯತ್ಯಾಸ ಗೊತ್ತಾಗೋದು ಓದು ನಡುವೆ ನಿಂತಾಗ. ಡಿಪ್ಲೊಮಾ ಕೈಯಲ್ಲಿದ್ದರೆ ರೈಲ್ವೆ, ಎಸ್ಸೆಸ್ಸಿ (ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ), ಕೆಪಿಟಿಸಿಎಲ್ (ರಾಜ್ಯದ ವಿದ್ಯುತ್ ಪ್ರಸರಣ ನಿಗಮ) ಕರೆಯುವ ಜೂನಿಯರ್ ಎಂಜಿನಿಯರ್ ಹುದ್ದೆಗೆ ಅರ್ಜಿ ಹಾಕಬಹುದು, ಇಲ್ಲವೇ ಒಂದು ವರ್ಷ ಅಪ್ರೆಂಟಿಸ್ ಹೋಗಬಹುದು. ಡಾಕ್ಟರಾಗಬೇಕು ಅನ್ನೋ ಆಸೆ ಎಲ್ಲೋ ಮೂಲೆಯಲ್ಲಿದ್ದರೆ ಮಾತ್ರ ಪಿಯುಸಿ ಬಿಡಬೇಡಿ.

ಉತ್ತರ 2: ಸೀಟು ಸಿಗೋದಲ್ಲ, ಸಿಕ್ಕಮೇಲೆ ಗಣಿತ ದಾಟೋದೇ ಕಷ್ಟ. ಡಿಪ್ಲೊಮಾದಲ್ಲಿ ಗಣಿತ ಶುರುವಿನಲ್ಲೇ ಮುಗಿದುಹೋಗುತ್ತೆ. ಆಮೇಲೆ ಲ್ಯಾಬು, ಡ್ರಾಯಿಂಗು, ಪ್ರಾಜೆಕ್ಟು. ಎರಡು ವರ್ಷ ಕೈಬಿಟ್ಟವನು ಬಿ.ಇ. ಮೂರನೇ ಸೆಮಿಸ್ಟರಿಗೆ ಹೋಗಿ ಕೂತರೆ ಎದುರಿಗೆ ಲಾಪ್ಲಾಸ್, ಫೂರಿಯೇ ಅನ್ನೋ ಮೇಲ್ಮಟ್ಟದ ಗಣಿತ. ಇಂಟಿಗ್ರೇಶನ್ನೇ ಮರೆತವನಿಗೆ ಅದು ತಲೆಗೆ ಹತ್ತಲ್ಲ. ವಿಟಿಯು (ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ) ಲ್ಯಾಟರಲ್ ಹುಡುಗರಿಗೆಂದೇ ಹೆಚ್ಚುವರಿ ಗಣಿತ ಇಡುತ್ತಾ ಬಂದಿದೆ. ಅದರ ಅಂಕ ಡಿಗ್ರಿಯ ಒಟ್ಟು ಸರಾಸರಿಗೆ (ಸಿಜಿಪಿಎ) ಸೇರಲ್ಲ, ಆದರೆ ಪಾಸಾಗದೆ ಡಿಗ್ರಿ ಇಲ್ಲ. ‘ಲೆಕ್ಕಕ್ಕಿಲ್ಲ ಬಿಡು’ ಅಂದವರು ಕೊನೇ ಸೆಮಿಸ್ಟರ್‌ವರೆಗೂ ಅದನ್ನ ಹೊತ್ತು ತಿರುಗ್ತಾರೆ. ಉಪಾಯ ಸುಲಭ: ದ್ವಿತೀಯ ಪಿಯುಸಿ ಗಣಿತದ ಪುಸ್ತಕ ತಗೊಂಡು, ಡಿಪ್ಲೊಮಾ ಎರಡನೇ ವರ್ಷದಿಂದಲೇ ಮ್ಯಾಟ್ರಿಕ್ಸ್, ಡಿಫರೆನ್ಸಿಯೇಶನ್, ಇಂಟಿಗ್ರೇಶನ್ ಇಷ್ಟನ್ನು ದಿನಾ ಅರ್ಧ ಗಂಟೆ ಮಾಡಿಸಿ. ಉಳಿದ ಅಧ್ಯಾಯ ಆಮೇಲೆ ನೋಡಿಕೊಳ್ಳಬಹುದು.

ಉತ್ತರ 3: ಲ್ಯಾಟರಲ್ ಸೀಟು ಕೆಇಎ (ರಾಜ್ಯ ಪರೀಕ್ಷಾ ಪ್ರಾಧಿಕಾರ) ಡಿಪ್ಲೊಮಾದವರಿಗೆ ನಡೆಸುವ ಪ್ರವೇಶ ಪರೀಕ್ಷೆ ಡಿಸಿಇಟಿಯ ರ‍್ಯಾಂಕ್ ಮೇಲೆ. ಡಿಪ್ಲೊಮಾದಲ್ಲಿ 45% ಇರಬೇಕು. ಎಸ್ಸಿ, ಎಸ್ಟಿ ಮೊದಲಾದ ಮೀಸಲು ವರ್ಗದವರಿಗೆ 40%. ಪಾಸಾಗದ ವಿಷಯ (ಬ್ಯಾಕ್‌ಲಾಗ್) ಒಂದು ಉಳಿದರೂ ಆ ವರ್ಷದ ಸೀಟು ಹೋದಂತೆ. ಇನ್ನೊಂದು, ದಾಖಲೆ. ಗ್ರಾಮೀಣ ಕೋಟಾಗೆ 1ರಿಂದ 10ನೇ ತರಗತಿ ಪೂರ್ತಿ ಹಳ್ಳಿ ಶಾಲೆಯಲ್ಲಿ ಓದಿರಬೇಕು, ಒಂದೇ ವರ್ಷ ಪೇಟೆಯಲ್ಲಿ ಓದಿದ್ದರೂ ಸಿಗಲ್ಲ. ಕನ್ನಡ ಮಾಧ್ಯಮಕ್ಕೂ ಹತ್ತೂ ವರ್ಷ. ಎರಡಕ್ಕೂ ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ. ಕೌನ್ಸೆಲಿಂಗ್ ಹೊತ್ತಿಗೆ ಬಿಇಒ ಕಚೇರಿ ಮುಂದೆ ಸಾಲು ನಿಲ್ಲೋ ಬದಲು ಮೂರನೇ ವರ್ಷದ ಶುರುವಿಗೇ ಮಾಡಿಸಿಟ್ಟುಕೊಳ್ಳಿ. ಆಧಾರ್‌ನಲ್ಲೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಇನಿಶಿಯಲ್ ಒಂದೇ ಇದೆಯಾ ಅಂತ ಈಗಲೇ ನೋಡಿ. ಬೇರೆ ಇದ್ದರೆ ಆಧಾರ್ ತಿದ್ದಿಸಿ, ಅಂಕಪಟ್ಟಿ ತಿದ್ದಿಸೋದು ದೊಡ್ಡ ರಾಮಾಯಣ.

ಉತ್ತರ 4: 45% ಸಾಕು ಅಂತ ಕೂರಬೇಡಿ. ಕ್ಯಾಂಪಸ್‌ಗೆ ಬರುವ ಎಷ್ಟೋ ಕಂಪನಿಗಳ ಅರ್ಜಿಯಲ್ಲಿ ‘ಪಿಯುಸಿ ಅಥವಾ ಡಿಪ್ಲೊಮಾ 60%’ ಅಂತ ಇರುತ್ತೆ. ಅಲ್ಲಿ ಪಿಯುಸಿ ಜಾಗಕ್ಕೆ ಡಿಪ್ಲೊಮಾ ಅಂಕವೇ ಬರೋದು.

ಉತ್ತರ 1 (ಮತ್ತೆ): ಅಂದಹಾಗೆ, ಪಿಯುಸಿ ಸೈನ್ಸ್ ಸೇರಿ ಆಮೇಲೆ ಬೇಡ ಅನಿಸಿದರೂ ದಾರಿ ಇದೆ. ಪಾಸಾದವರು ಡಿಪ್ಲೊಮಾ ಎರಡನೇ ವರ್ಷಕ್ಕೇ ಸೇರಬಹುದು. ಆಗ ಮಾತ್ರ ಮನೆಯವರ ಮಾತು ತಿರುಗುಮುರುಗು: ಪಿಯುಸಿ 2, ಡಿಪ್ಲೊಮಾ 2, ಬಿ.ಇ. 3, ಒಟ್ಟು 7.