ಅಪ್‌ಡೇಟ್: ಮೀಲ್‌ವರ್ಮ್‌ಗಳಿಗೆ ಬೆಳಕೋ, ಕತ್ತಲೋ?

ಡಬ್ಬಿಯ ಅರ್ಧ ಭಾಗಕ್ಕೆ ಕಪ್ಪು ಕಾಗದ ಮುಚ್ಚಿ, ಮೀಲ್‌ವರ್ಮ್‌ಗಳು (ಹಿಟ್ಟಿನಲ್ಲಿ ಬೆಳೆಯುವ ಒಂದು ದುಂಬಿಯ ಮರಿಹುಳುಗಳು) ಯಾವ ಕಡೆ ಹೋಗುತ್ತವೆ ಅಂತ ನೋಡುತ್ತಿದ್ದೆ. ಬೆಳಕಿದ್ದ ಕಡೆಯ ಮೂಲೆಗಳಲ್ಲೂ ಒಂದಷ್ಟು ಹುಳು ಸೇರಿಕೊಳ್ಳುತ್ತಿದ್ದವು. ಹಾಗೇಕೆ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಮೂಲೆಯ ಬಗ್ಗೆ ನೀವು ಹೇಳಿದ್ದೇ ಸರಿ. ಈ ಹುಳುಗಳು ಮೈ ಯಾವುದಕ್ಕಾದರೂ ತಾಗಿಕೊಂಡಿರಲು ಬಯಸುತ್ತವೆ. ಗೋಡೆ ಸಿಕ್ಕರೆ ಅದನ್ನೇ ಹಿಡಿದು ಸಾಗುತ್ತವೆ. ಅದಕ್ಕೇ ದುಂಡನೆಯ ತಟ್ಟೆಗೆ ಬದಲಾಯಿಸಿದೆ. ಈಗ ಎರಡೂ ಕಡೆ ಒಂದೇ ಥರದ ಅಂಚು, ಮೂಲೆಯೇ ಇಲ್ಲ.

ಹಳೇ ಬಲ್ಬ್ ತೆಗೆದು ಎಲ್‌ಇಡಿ ಹಾಕಿ, ಅದನ್ನೂ ದೂರ ಇಟ್ಟೆ. ಬಲ್ಬಿನ ಕೆಳಗೆ ಬೆಳಕಿನ ಜೊತೆ ಶಾಖವೂ ಇರುತ್ತದೆ, ಜಾಗ ಒಣಗುತ್ತದೆ ಕೂಡ. ಆಗ ಹುಳು ಬೆಳಕಿಗೆ ಹೆದರಿತೋ ಬಿಸಿಗೆ ಹೆದರಿತೋ ಹೇಳುವುದು ಹೇಗೆ, ಅಲ್ವಾ? ಪ್ರತಿ ಸಲವೂ ಹೊಸ ಹುಳುಗಳನ್ನು ನಟ್ಟನಡುವೆ ಬಿಟ್ಟೆ. ನಡುನಡುವೆ ಕಾಗದವನ್ನು ಆಚೆ ಬದಿಗೆ ಸರಿಸಿದೆ.

ಫಲಿತಾಂಶ ಸ್ಪಷ್ಟವಾಗಿದೆ: ಬಹುಪಾಲು ಹುಳುಗಳು ಕತ್ತಲಿನ ಕಡೆಗೇ ಹೋದವು. ಕಾಗದ ಸರಿಸಿದಾಗ ಅವೂ ಆ ಬದಿಗೆ ಹೋದದ್ದು ನೋಡಿ ನಿಜಕ್ಕೂ ಖುಷಿಯಾಯಿತು! ಇವು ಟೆನೆಬ್ರಿಯೊ ಮೋಲಿಟರ್ ಎಂಬ ದುಂಬಿಯ ಮರಿಗಳು. ಕಾಳು, ಹಿಟ್ಟಿನ ಒಳಗೆ ಹುದುಗಿ ಬೆಳೆಯುವ ಜೀವಿಗಳು. ಅಲ್ಲಿ ಕತ್ತಲೆಂದರೆ ಆಹಾರ, ರಕ್ಷಣೆ ಎರಡೂ.

ಒಂದೊಂದೇ ಹುಳು ಬಿಟ್ಟು ನೋಡಿ ಅಂದವರ ಮಾತು ಇನ್ನೂ ಬಾಕಿ ಇದೆ. ಗುಂಪಿನಲ್ಲಿ ಒಂದರ ಹಿಂದೆ ಇನ್ನೊಂದು ಸುಮ್ನೆ ಹೋಗಿರಲೂಬಹುದು. ಮುಂದೆ ಅದನ್ನೇ ಮಾಡುತ್ತೇನೆ. ಆಮೇಲೆ ಒದ್ದೆ ಜಾಗ, ಒಣ ಜಾಗದ ಪರೀಕ್ಷೆ.